ವಾರಕ್ಕೊಂದು ಪದ, ಆಳಿಗೊಂದು ಫೋಟೊ: ಅವ್ವನಿಗೂ ಒಗ್ಗುವ ಪದ ಹೇಗೆ ಆರಿಸಬೇಕು?

ಕಾಲುವೆ ದಂಡೆ ಅಕ್ಕ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಫೋಟೊ ತೆಗೆಯುವವರು ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಯಾವ ಕ್ಯಾಮೆರಾ ತಗೊಳ್ಳಲಿ ಅನ್ನುವ ಪ್ರಶ್ನೆ ಅಲ್ಲ. ನಮ್ಮ ಮನೆಯ ವಿಷಯ, ಸ್ವಲ್ಪ ಉದ್ದ ಇದೆ.

ನಮ್ಮವರು ಈಗ ಒಂದೊಂದು ಊರಲ್ಲಿದ್ದಾರೆ. ಅವ್ವ ಕಾರಟಗಿ ಹತ್ತಿರದ ಹಳ್ಳಿಯಲ್ಲಿ, ಕಾಕಾನ ಮನೆಯವರ ಜೊತೆ. ನಾನು ಗಂಗಾವತಿಯಲ್ಲಿ. ತಮ್ಮ ಮಾನವಿ ಕಡೆ ಹೊಲ ಮಾಡಿಕೊಂಡಿದ್ದಾನೆ. ತಂಗಿ ಬಳ್ಳಾರಿಯಲ್ಲಿ, ಅವಳ ಗಂಡ ಅಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ನಡೆಸುತ್ತಾರೆ. ಕಾಕಾನ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ತಮ್ಮನ ಮಗಳು ಪುಣೆಯಲ್ಲಿ ಓದುತ್ತಿದ್ದಾಳೆ. ಮನೆಯ ವಾಟ್ಸಾಪ್ ಗ್ರೂಪ್ ಅಂದರೆ ಮೊದಲು ಶುಭೋದಯದ ಗುಲಾಬಿ ಹೂವು, ಮದುವೆ ಕಾರ್ಡು, ಯಾರೋ ತೀರಿಕೊಂಡ ಸುದ್ದಿ. ಇಷ್ಟೇ.

ಹುಡುಗಿ ಹಾಸ್ಟೆಲಿಗೆ ಹೋದ ಮೇಲೆ ಅವಳೇ ಇದನ್ನು ಶುರು ಮಾಡಿದಳು. ಭಾನುವಾರ ಬೆಳಿಗ್ಗೆ ಗ್ರೂಪಿಗೆ ಒಂದು ಪದ ಹಾಕುವುದು. ಶನಿವಾರ ರಾತ್ರಿಯೊಳಗೆ ಎಲ್ಲರೂ ಆ ಪದಕ್ಕೆ ತಕ್ಕ ಒಂದು ಫೋಟೊ ಕಳಿಸುವುದು. ಒಂದೇ ಒಂದು. ಅದೂ ಆ ವಾರದಲ್ಲಿ ತಾವೇ ತೆಗೆದದ್ದಾಗಿರಬೇಕು.

ಮೊದಲ ಪದ 'ನೀರು'. ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಲ್ವಾ, ಮುನಿರಾಬಾದಿನಿಂದ ಹೊರಟು ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನವಿ, ರಾಯಚೂರಿನ ಕಡೆ ಹೋಗುತ್ತದೆ. ಅವ್ವ ಕಳಿಸಿದ್ದು ದಂಡೆ ಮಟ್ಟಕ್ಕೆ ಕೆಂಪಗೆ ಹರಿಯುವ ಕಾಲುವೆ. ತಮ್ಮನೂ ಕಾಲುವೆಯದ್ದೇ ಕಳಿಸಿದ. ಅವನ ಹೊಲಕ್ಕೆ ಬರುವ ಉಪಕಾಲುವೆ. ತಳದ ಮಣ್ಣು ಬಾಯಿ ಬಿಟ್ಟಿತ್ತು, ನಡುವೆ ಜಾಲಿ ಗಿಡ ಮೊಣಕಾಲುದ್ದ ಬೆಳೆದಿತ್ತು. ಕೊನೆ ಭಾಗದವರಿಗೆ ನೀರು ತಡವಾಗಿ ಮುಟ್ಟುವುದು ಹೊಸದೇನಲ್ಲ. ಆದರೆ ಅವನು ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾನೆ, ಒಂದು ದಿನವೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಅವ್ವ ಫೋಟೊ ನೋಡಿದವಳೇ ಫೋನ್ ಹಚ್ಚಿದಳು: "ನಿಮಗಿನ್ನೂ ನೀರ ಮುಟ್ಟಿಲ್ಲೇನೋ? ಮತ್ತ ಹೇಳೇ ಇಲ್ಲಲ್ಲ?" ಆವತ್ತು ಅವರಿಬ್ಬರು ಮಾತಾಡಿದಷ್ಟು ಹಬ್ಬಕ್ಕೆ ಊರಿಗೆ ಬಂದಾಗಲೂ ಮಾತಾಡಿದ್ದು ನಾನು ಕಂಡಿಲ್ಲ.

ಆಮೇಲೆ 2024ರ ಆಗಸ್ಟ್. 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಆ ವಾರ ತಮ್ಮ 'ಬಾಗಿಲು' ಅಂತ ಪದ ಕೊಟ್ಟ. ನಾಟಿ ಆಗಿತ್ತು, ತುಂಬಿದ ಡ್ಯಾಮಿನ ನೀರು ನದಿ ಪಾಲಾಗುತ್ತಿತ್ತು. ಗೇಟಿದ್ದ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಗೇಟು, ಕೂರಿಸಿದರು ಅಂತ ಸುದ್ದಿ ಬರುವ ತನಕ ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಕಾಕಾ ತೂಬಿನ ಹತ್ತಿರ ಹೋಗಿ ಅದರ ತುಕ್ಕು ಹಿಡಿದ ಗೇಟಿನ ಫೋಟೊ ಕಳಿಸಿದರು. ತಂಗಿ ಕಳಿಸಿದ್ದು ಅರ್ಧಕ್ಕೆ ಇಳಿಸಿದ ಶಟರ್. ಒಳಗೆ ಮಷೀನುಗಳ ಮೇಲೆ ಬಟ್ಟೆ ಹೊದಿಸಿತ್ತು. ಯೂನಿಟ್ಟಿಗೆ ಆರ್ಡರ್ ಇಲ್ಲ ಅನ್ನುವುದು ನಮಗೆ ತಿಳಿದದ್ದೇ ಆಗ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಗಂಟು' ಅನ್ನುವ ವಾರದ್ದು. ಅವ್ವ ತನ್ನ ಇಳಕಲ್ ಸೀರೆಯ ಸೆರಗಿನ ತುದಿ ತೆಗೆದಿದ್ದಳು. ಗಂಟು ಬಿಚ್ಚಿರಲಿಲ್ಲ. ಬಟ್ಟೆಯ ಮೇಲೇ ಬೀಗದ ಕೈಯ ಆಕಾರ ಎದ್ದು ಕಾಣುತ್ತಿತ್ತು, ಪಕ್ಕದಲ್ಲಿ ಮಡಚಿದ ಹತ್ತರ ನೋಟಿನ ಅಂಚು. ಸೆರಗು ಹಿಡಿದ ಎಡಗೈಯ ಎರಡು ಬೆರಳು ಅರ್ಧ ಚಿತ್ರ ತುಂಬಿದ್ದವು. ಉಗುರಿನ ಸಂದಿಯಲ್ಲಿ ಅರಿಶಿನ ಇತ್ತು. ಬಲಗೈಲಿ ಫೋನ್ ಹಿಡಿದು ಹೇಗೆ ಬಟನ್ ಒತ್ತಿದಳೋ, ಸ್ವಲ್ಪ ವಾಲಿತ್ತು. ಪುಣೆಯ ಹುಡುಗಿ ಅದನ್ನು ತನ್ನ ಫೋನಿನ ಪರದೆಗೆ ಹಾಕಿಕೊಂಡಿದ್ದಾಳೆ.

ಈಗ ತೊಂದರೆಗೆ ಬರುತ್ತೇನೆ. ಕಾಕಾನ ಮಗನಿಗೆ ಇದರ ಹುಚ್ಚು ಹಿಡಿದು ಒಳ್ಳೆಯ ಕ್ಯಾಮೆರಾ ತಗೊಂಡ. ಅವನ ಫೋಟೊ ನಿಜಕ್ಕೂ ಚೆನ್ನಾಗಿರುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಕೊಡುವ ಪದಗಳು 'ಏಕಾಂತ', 'ಅನಂತ', 'ಸ್ವಾತಂತ್ರ್ಯ', ಇಂಥವು. ಇಂಥ ವಾರ ಕಾಕಾ ಎಲ್ಲಿಂದಲೋ ಇಳಿಸಿಕೊಂಡ ಸಮುದ್ರದ ಸೂರ್ಯಾಸ್ತ ಹಾಕುತ್ತಾರೆ. ತಂಗಿ ಏನೂ ಕಳಿಸುವುದಿಲ್ಲ. ಅವ್ವ "ನನ್ನದೇನ ನೋಡ್ತೀರಿ ಬಿಡ್ರಿ" ಅಂದು ಸುಮ್ನೆ ಕೂರುತ್ತಾಳೆ. ಮೇಲಿಂದ ಈಗ ಪ್ರತಿ ಫೋಟೊಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡೋಣ, ತಿಂಗಳಿಗೊಬ್ಬರು ಗೆದ್ದವರು ಅಂತ ಮಾಡೋಣ ಅನ್ನುತ್ತಿದ್ದಾನೆ. ಅವನ ಉತ್ಸಾಹ ಮುರಿಯಲು ನನಗೆ ಮನಸ್ಸಿಲ್ಲ. ಅವ್ವ ಹಿಂದೆ ಸರಿಯುವುದನ್ನು ನೋಡಲಂತೂ ಆಗುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ಹೇಳಿ. ಎಂಥ ಪದ ಕೊಟ್ಟರೆ ಎಪ್ಪತ್ತು ದಾಟಿದವರೂ ಇಪ್ಪತ್ತರವರೂ ಒಟ್ಟಿಗೆ ತೆಗೆಯುತ್ತಾರೆ? ಅಂಕ ಬೇಕಾ, ಬೇಡವಾ? ಇನ್ನೊಂದು, ಇಷ್ಟೆಲ್ಲ ಫೋಟೊ ಗ್ರೂಪಲ್ಲೇ ಬಿದ್ದಿವೆ. ಫೋನ್ ಕೆಟ್ಟರೆ ಹೋಯಿತು. ಇವನ್ನು ಹೇಗೆ ಇಟ್ಟುಕೊಳ್ಳಬೇಕು?

ಮಾನವಿ ಮೇಷ್ಟ್ರು

ಅಕ್ಕಾ, ನಿಮ್ಮ ತಮ್ಮನ ಕಾಲುವೆ ಯಾವುದಿರಬಹುದು ಅಂತ ನನಗೆ ಗೊತ್ತಾಗುವಷ್ಟು ಹತ್ತಿರದವನು ನಾನು. ಆ ಜಾಲಿ ಗಿಡ ನಾನೂ ನೋಡಿದ್ದೇನೆ.

ನಾನು ಶಾಲೆಯಲ್ಲಿ ಮಕ್ಕಳಿಗೆ ಇದನ್ನೇ ಚಿತ್ರ ಬಿಡಿಸುವುದರಲ್ಲಿ ಮಾಡಿಸುತ್ತೇನೆ. 'ಸಂತೋಷ' ಅಂದರೆ ಇಡೀ ತರಗತಿ ಎರಡು ಗುಡ್ಡ, ನಡುವೆ ಸೂರ್ಯ ಬಿಡಿಸಿಡುತ್ತದೆ. 'ಚಪ್ಪಲಿ' ಅಂದರೆ ಒಬ್ಬೊಬ್ಬರದೂ ಬೇರೆ. ಒಬ್ಬ ಹುಡುಗ ಅಪ್ಪನ ಚಪ್ಪಲಿ ಬಿಡಿಸಿ ಅದಕ್ಕೆ ತಂತಿ ಸುತ್ತಿದ್ದನ್ನೂ ಬಿಡಿಸಿದ್ದ. ಹಾಗಾಗಿ ನನ್ನ ಮಾತು ಇಷ್ಟೇ. ಕೈಯಲ್ಲಿ ಹಿಡಿಯುವಂಥ, ಕಣ್ಣಿಗೆ ಬೀಳುವಂಥ ಪದ ಕೊಡಿ. ಹಂಚು, ಹಗ್ಗ, ಕೌದಿ, ಗೂಡು, ಮೊರ, ಚಕ್ರ, ಬೀಗ. ಬೆಂಗಳೂರಲ್ಲಿರುವವರಿಗೂ ಬೀಗ ಸಿಗುತ್ತೆ, ಚಕ್ರ ಸಿಗುತ್ತೆ.

ಮೇಲಾಗಿ ನಮ್ಮ ಕಡೆ ಪಂಚಾಂಗವೇ ಪದ ಕೊಡುತ್ತೆ. ಕಾರಹುಣ್ಣಿಮೆ ವಾರ 'ಕೊಂಬು' ಅನ್ನಿ. ಊರಲ್ಲಿರುವವರು ಬಣ್ಣ ಬಳಿದ ಎತ್ತಿನ ಕೊಂಬು ತೆಗೆಯುತ್ತಾರೆ, ಪುಣೆಯ ಹುಡುಗಿ ಏನು ಹುಡುಕುತ್ತಾಳೋ ನೋಡೋಣ. ಮುಂದೆ ಮಣ್ಣೆತ್ತಿನ ಅಮಾವಾಸ್ಯೆಗೆ 'ಮಣ್ಣು'. ಪಂಚಮಿಗೆ 'ಜೋಕಾಲಿ'. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೀರಲ್ಲ, ಆ ವಾರ 'ಬುತ್ತಿ'. ಹಬ್ಬದ ಹೆಸರನ್ನೇ ಪದ ಮಾಡಬೇಡಿ. ಹಾಗೆ ಮಾಡಿದರೆ ಎಲ್ಲರೂ ಪೂಜೆಯ ತಟ್ಟೆ ತೆಗೆದು ಕಳಿಸುತ್ತಾರೆ. ಹಬ್ಬದೊಳಗಿನ ಒಂದು ಸಾಮಾನು ಹೇಳಿ.

ಪದ ಕೊಡುವುದಕ್ಕೆ ಸರದಿ ಇರಲಿ. ಅವ್ವನವರ ಸರದಿ ತಪ್ಪಿಸಬೇಡಿ. ಅವರು ಕೊಟ್ಟ ಪದಕ್ಕೆ ಕ್ಯಾಮೆರಾದವನು ವಾರವಿಡೀ ಓಡಾಡಬೇಕು. ಅಂಕ ಬೇಡವೇ ಬೇಡ. ಶಾಲೆಯಲ್ಲಿ ಕೊಟ್ಟು ಕೊಟ್ಟು ನೋಡಿದ್ದೇನೆ. ಕಡಿಮೆ ಬಂದ ಮಗು ಮುಂದಿನ ಸಲ ಪಕ್ಕದವನದ್ದನ್ನು ನೋಡಿಕೊಂಡೇ ಬಿಡಿಸುತ್ತದೆ. ಅಂಕದ ಬದಲು ಫೋಟೊ ಜೊತೆ ಎರಡು ಮಾತು ಕೇಳಿ: ಎಲ್ಲಿ ತೆಗೆದದ್ದು, ಯಾಕೆ ಇದೇ. ಬರೆಯಲು ಬಾರದವರು ವಾಯ್ಸ್ ಕಳಿಸಲಿ.

ಸ್ಟುಡಿಯೊ ಅಣ್ಣ, ಬಳ್ಳಾರಿ

ನಾನು ಬ್ರೂಸ್‌ಪೇಟೆಯಲ್ಲಿ ಸ್ಟುಡಿಯೊ ಇಟ್ಟವನು. ರೀಲಿನ ಕಾಲದಿಂದ ಇದೇ ಕೆಲಸ. ಪದದ ವಿಷಯ ಮೇಷ್ಟ್ರು ಹೇಳಿದ್ದಾರೆ, ನಾನು ಫೋಟೊ ಉಳಿಸುವ ಮಾತು ಹೇಳುತ್ತೇನೆ. ಬಹಳ ಮನೆಗಳ ನೆನಪು ಫೋನಿನ ಜೊತೆ ಹೋಗಿದ್ದನ್ನು ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಡಿಸ್‌ಪ್ಲೇ ಹೋದ ಫೋನ್ ತಂದು "ಅಪ್ಪನ ಫೋಟೊ ಇದರಲ್ಲೇ ಇದೆ, ಹೇಗಾದರೂ ತೆಗೆದುಕೊಡಿ" ಅಂತ ಅಳುತ್ತಾರೆ.

ವಾಟ್ಸಾಪಿನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಸಣ್ಣದಾಗಿ ಹೋಗುತ್ತೆ. ಎಚ್‌ಡಿ ಒತ್ತಿ ಕಳಿಸಿದರೆ ಸ್ವಲ್ಪ ವಾಸಿ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದಹಾಗೆ ಬರುತ್ತೆ, ತೆಗೆದ ತಾರೀಖೂ ಫೈಲಿನಲ್ಲಿ ಉಳಿಯುತ್ತೆ. ಹಾಗೆ ಕಳಿಸುವಾಗ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಜಾಗದ ವಿವರವೂ ಜೊತೆಗೆ ಹೋಗುತ್ತೆ, ಬೇಡವಾದರೆ ಮೊದಲೇ ಆಫ್ ಮಾಡಿ. ಅವ್ವನವರಿಗೆ ಡಾಕ್ಯುಮೆಂಟ್ ಎಲ್ಲ ಕಷ್ಟ. ಅವರು ಹೇಗೆ ಬೇಕೋ ಹಾಗೆ ಕಳಿಸಲಿ, ಊರಿಗೆ ಹೋದಾಗ ಅವರ ಫೋನಿನಿಂದಲೇ ಮೂಲ ಫೋಟೊ ಎತ್ತಿಕೊಳ್ಳಿ. ಮನೆಯ ಒಬ್ಬರು ಜವಾಬ್ದಾರಿ ಹೊತ್ತು ತಿಂಗಳಿಗೊಮ್ಮೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಬೇರೆ ಮನೆಯಲ್ಲಿಡಲಿ. ಒಂದೇ ಕಡೆ ಇಟ್ಟರೆ ಇಟ್ಟಂತಲ್ಲ. ಫೈಲಿನ ಹೆಸರಿನಲ್ಲಿ ಪದ, ತೆಗೆದವರ ಹೆಸರು, ವರ್ಷ ಇರಲಿ. ಹತ್ತು ವರ್ಷ ಆದ ಮೇಲೆ ಬರೀ ನಂಬರು ನೋಡಿ ಯಾರಿಗೆ ಏನು ಗೊತ್ತಾಗುತ್ತೆ?

ಪ್ರಿಂಟ್ ಹಾಕಿಸಿ. ವ್ಯಾಪಾರಕ್ಕೆ ಹೇಳುತ್ತಿಲ್ಲ, ನಿಮ್ಮೂರಲ್ಲೇ ಹಾಕಿಸಿ. 4×6 ಸೈಜು ಸಾಕು. ಹಿಂದೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಗೆರೆ ಮುಂದೆ ಮೂಡುತ್ತೆ. ಆಲ್ಬಮ್ಮಿನಲ್ಲಿ ಪಕ್ಕಕ್ಕೆ ಚೀಟಿ ಇಡಿ.

ಅವ್ವನವರಿಗೆ ಎರಡು ಮಾತು. ರೊಟ್ಟಿ ಬಡಿದ ಕೈಲಿ ಫೋನ್ ಹಿಡಿದರೆ ಲೆನ್ಸಿಗೆ ಹಿಟ್ಟು ಮೆತ್ತಿ ಫೋಟೊ ಮಂಜು ಮಂಜಾಗುತ್ತೆ. ತೆಗೆಯುವ ಮುಂಚೆ ಹತ್ತಿ ಬಟ್ಟೆಯಲ್ಲಿ ಒಮ್ಮೆ ಒರೆಸಲಿ. ಯಾವುದು ಕಾಣಬೇಕೋ ಅದರ ಮೇಲೆ ಪರದೆಯಲ್ಲಿ ಒಂದು ಸಲ ಬೆರಳಿಟ್ಟು ಆಮೇಲೆ ಬಟನ್ ಒತ್ತಲಿ. ಝೂಮ್ ಬೇಡ, ಎರಡು ಹೆಜ್ಜೆ ಹತ್ತಿರ ಹೋಗಲಿ. ಬೆಳಕಿಗೆ ಪಡಸಾಲೆಯ ಬಾಗಿಲ ಬಳಿಯ ನೆರಳೇ ಚಂದ. ನಮ್ಮ ಸೀಮೆಯ ನಡು ಮಧ್ಯಾಹ್ನದ ಬಿಸಿಲಲ್ಲಿ ಏನು ತೆಗೆದರೂ ಮುಖದ ಮೇಲೆ ಕಪ್ಪು ಬೀಳುತ್ತೆ. ನಮ್ಮ ಬಳ್ಳಾರಿ ಗುಡ್ಡವೇ ಬೆಳಿಗ್ಗೆ ಏಳಕ್ಕೆ ಒಂದು ಬಣ್ಣ, ಹನ್ನೆರಡಕ್ಕೆ ಬರೀ ಬೂದಿ ಬಣ್ಣ.

ಆ ಗಂಟಿನ ಫೋಟೊದಲ್ಲಿ ಬೆರಳು ಬಂದಿದೆ ಅಂತ ಯಾರೂ ಕ್ರಾಪ್ ಮಾಡಬೇಡಿ. ವಾಲಿದ್ದನ್ನು ನೆಟ್ಟಗೂ ಮಾಡಬೇಡಿ.

ಕಾಕಾನ ಮಗನಿಗೆ ಒಂದು ಕೆಲಸ ಕೊಡಿ, ಅಂಕ ಮರೆತುಬಿಡುತ್ತಾನೆ. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೈನ್ಯದ ಅಧಿಕಾರಿ ಹಂಪಿಯ ಫೋಟೊ ತೆಗೆದಿದ್ದ. ಆಗ ರೀಲೂ ಇಲ್ಲ. ಮೇಣ ಹಚ್ಚಿದ ದೊಡ್ಡ ಕಾಗದವೇ ನೆಗೆಟಿವ್. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾವ ಕಂಬ ಬಿತ್ತು, ಎಲ್ಲಿ ಗಿಡ ಬೆಳೆಯಿತು, ಎಲ್ಲ ತಿಳಿಯುತ್ತೆ. ನಿಮ್ಮ ಹುಡುಗ ಊರಿಗೆ ಬಂದಾಗಲೆಲ್ಲ ಅವ್ವನವರು ತೆಗೆದ ಜಾಗದಲ್ಲೇ ನಿಂತು ತನ್ನ ಕ್ಯಾಮೆರಾದಲ್ಲಿ ತೆಗೆಯಲಿ. ಅದೇ ತೂಬು, ಅದೇ ಒಲೆ, ಅದೇ ದಂಡೆ. ಅವನ ಕೈಚಳಕಕ್ಕೂ ಕೆಲಸ, ಮನೆಗೂ ಒಂದು ದಾಖಲೆ.

ಕಿನ್ನಾಳ ಸೊಸೆ

ಮೇಷ್ಟ್ರ ಮಾತು ಮುಕ್ಕಾಲು ಒಪ್ಪುತ್ತೇನೆ, ಕಾಲು ಭಾಗ ಒಪ್ಪುವುದಿಲ್ಲ. ಕಷ್ಟದ ಪದ ಪೂರ್ತಿ ಬೇಡ ಅನ್ನಬೇಡಿ.

ನಾವು ಅಕ್ಕತಂಗಿಯರು, ಅತ್ತೆ, ನಾದಿನಿ ಸೇರಿ ಇಂಥದ್ದೇ ಮಾಡುತ್ತೇವೆ. ಒಂದು ವಾರ ನಾದಿನಿ 'ಕಾಯುವುದು' ಅಂತ ಕೊಟ್ಟಳು. ನಮ್ಮತ್ತೆಗೆ ಅದರಲ್ಲಿ ಏನು ತೆಗೆಯಬೇಕೋ ತಿಳಿಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾವೆಲ್ಲ ಸೇರಿ ಮಾತಾಡಿದೆವು: ನೀವು ದಿನಾ ಯಾವುದಕ್ಕೆ ಕಾಯುತ್ತೀರಿ? ಬಸ್ಸಿಗೆ, ನಲ್ಲಿ ನೀರಿಗೆ, ಹಾಲು ಉಕ್ಕುವುದಕ್ಕೆ ಅಂತ ಒಂದೊಂದೇ ಬಂತು. ಕೊನೆಗೆ ಅವರು ಬೀದಿಯ ಚಿತ್ರಗಾರರ ಮನೆಗೆ ಹೋಗಿ ಒಣಗಲು ಇಟ್ಟ ಗೊಂಬೆಗಳ ಫೋಟೊ ತಂದರು. ಕಿನ್ನಾಳದ ಗೊಂಬೆ ಅಂದರೆ ಎಲ್ಲರೂ ಬಣ್ಣದ್ದನ್ನೇ ನೋಡಿರುತ್ತಾರೆ. ಇವಕ್ಕೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದುಗಳಿಗೆ ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ ಮೆತ್ತಿದ್ದರು. ಕಣ್ಣಿಲ್ಲ, ಮೂಗಿಲ್ಲ, ಬಿಸಿಲಿಗೆ ಸಾಲಾಗಿ ಇಟ್ಟಿದ್ದರು. ಅತ್ತೆ ಅಷ್ಟು ವರ್ಷ ಆ ಬೀದಿಯಲ್ಲಿದ್ದರೂ ಅಂಗಳದೊಳಗೆ ಹೋಗಿ ಕೇಳಿದ್ದು ಅದೇ ಮೊದಲು. ಕಷ್ಟದ ಪದ ಕೊಟ್ಟರೆ ಕೊಡಿ, ಆದರೆ ದೊಡ್ಡವರ ಜೊತೆ ಯಾರಾದರೂ ಕೂತು ಮಾತಾಡಬೇಕು. ಅವ್ವನ ಜೊತೆ ಹಳ್ಳಿಯಲ್ಲಿ ಯಾರಿದ್ದಾರೋ ಅವರಿಗೆ ಈ ಕೆಲಸ ಒಪ್ಪಿಸಿ. ಇಲ್ಲದಿದ್ದರೆ ನೀವೇ ಫೋನ್ ಮಾಡಿ. ಅದೂ ಒಂದು ನೆಪ ಆಗುತ್ತೆ ಅಲ್ವಾ.

ಇನ್ನೊಂದು ಮುಖ್ಯ ಮಾತು ಯಾರೂ ಹೇಳಲಿಲ್ಲ. ಗ್ರೂಪಿನ ಫೋಟೊ ಗ್ರೂಪಲ್ಲೇ ಇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಒಬ್ಬರು ಹುಡುಗಿಯೊಬ್ಬಳ ಫೋಟೊ ತಗೊಂಡು ತಮ್ಮ ಸ್ಟೇಟಸ್ಸಿಗೆ ಹಾಕಿದರು, ಅವಳು ಬಹಳ ನೊಂದುಕೊಂಡಳು. ಯಾರ ಮುಖ ಇದ್ದರೂ ಅವರನ್ನು ಕೇಳಿಯೇ ಕಳಿಸುವುದು. ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ದೂರದಿಂದ ಕದ್ದು ತೆಗೆಯುವುದು ಬೇಡ. ಹತ್ತಿರ ಹೋಗಿ "ತೆಗೀಲೇನವ್ವಾ" ಅನ್ನಿ. ಬೇಡ ಅಂದರೆ ಕೈಯಲ್ಲಿರುವ ಕುಡುಗೋಲಿನದ್ದು ತೆಗೆದುಕೊಂಡು ಬನ್ನಿ.

ನಿಮ್ಮ ತಂಗಿಯ ಶಟರಿನ ಬಗ್ಗೆ ಓದಿ ಮನಸ್ಸಿಗೆ ಒಂಥರಾ ಆಯಿತು. ಈಗ ಆರ್ಡರ್ ಬರುತ್ತಿದೆಯಾ?

ಕಾಲುವೆ ದಂಡೆ ಅಕ್ಕ, ಗಂಗಾವತಿ

ಮೂವರಿಗೂ ಕೈಮುಗಿಯುತ್ತೇನೆ. ಇಷ್ಟು ಅಕ್ಕರೆಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ತಂಗಿಗೆ ಓದಿ ಹೇಳಿದೆ. ಕಿನ್ನಾಳದ ತಂಗಿ ಕೇಳಿದಿರಲ್ಲ, ಹೌದು, ಈಗ ಅರ್ಧ ಮಷೀನು ನಡೆಯುತ್ತಿವೆ. ಸ್ಕೂಲ್ ಯೂನಿಫಾರ್ಮಿನ ಪ್ಯಾಂಟು ಹೊಲಿಯುತ್ತಿದ್ದಾರೆ.

ಕಾಕಾನ ಮಗನಿಗೆ ಗ್ರೀನ್‌ಲಾ ವಿಷಯ ಕಳಿಸಿದೆ. ಆ ಹಳೆಯ ಫೋಟೊಗಳನ್ನು ಹುಡುಕಿ ರಾತ್ರಿಯೇ ನನಗೆ ಫೋನ್ ಮಾಡಿದ. ಕ್ಯಾಮೆರಾ ತಗೊಂಡ ಮೇಲೆ ಇಷ್ಟು ಹೊತ್ತು ನನ್ನ ಜೊತೆ ಮಾತಾಡಿರಲಿಲ್ಲ. ಊರಿಗೆ ಬಂದಾಗ ಮೊದಲು ಅವ್ವನ 'ನೀರು' ತೆಗೆದ ದಂಡೆ ಮೇಲೆ ನಿಲ್ಲುತ್ತಾನಂತೆ. ನೀರಿದ್ದಾಗ ಒಂದು, ಕಾಲುವೆ ಬಂದ್ ಆದಾಗ ಒಂದು. ಅಂಕದ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಾರ್ಡ್ ಡಿಸ್ಕಿನ ಜವಾಬ್ದಾರಿ ಅವನೇ ಹೊತ್ತಿದ್ದಾನೆ. ಎರಡನೇ ಪ್ರತಿ ನನ್ನ ಮನೆಯ ಬೀರುವಿನಲ್ಲಿ ಇರುತ್ತೆ.

ಸರದಿ ಪಟ್ಟಿ ಮಾಡಿದೆವು. ಕಷ್ಟದ ಪದವೂ ಇರಲಿ, ಆದರೆ ಅಂಥ ವಾರ ಅವ್ವನಿಗೆ ಬುಧವಾರ ಫೋನ್ ಮಾಡಿ ಮಾತಾಡುವುದು ಪುಣೆಯ ಹುಡುಗಿಯ ಕೆಲಸ ಅಂತ ಠರಾಯಿಸಿದ್ದೇವೆ. ಕಾಕಾಗೆ ಸೂರ್ಯಾಸ್ತ ಬೇಡ ಅಂತ ಹೇಳುವುದು ಹೇಗೆ ಅಂತ ಇದ್ದೆ. ಮೇಷ್ಟ್ರ ದಾರಿಯೇ ಹಿಡಿದೆ. "ಕಾಕಾ, ಎಲ್ಲಿ ತೆಗೆದದ್ದು ಅಂತ ವಾಯ್ಸ್ ಹಾಕಿ" ಅಂದೆ. ಈ ವಾರ ಸ್ವಂತದ್ದೇ ಬಂತು, ಅವರ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದ ಮೇವಿನ ಹೊರೆ. ಯಾರ ಹೊಲದ ಮೇವು, ಎಷ್ಟಕ್ಕೆ ಕೊಟ್ಟರು, ಎಲ್ಲ ವಾಯ್ಸಿನಲ್ಲಿದೆ.

ಮುಂದಿನ ವಾರದ ಪದ ಅವ್ವನದು. ಕೇಳಿದರೆ ತಟ್ಟನೆ 'ಹಂಚು' ಅಂದಳು. ತನ್ನ ಹಂಚು ಇಟ್ಟು ಸುಟ್ಟು ನಡುವೆ ಗುಳಿ ಬಿದ್ದಿದೆ, ಆದರೂ ಅದರ ಮೇಲೆ ಬೇಯುವಷ್ಟು ಚಂದ ರೊಟ್ಟಿ ಬೇರೆಯದರ ಮೇಲೆ ಬೇಯುವುದಿಲ್ಲವಂತೆ. ಹಾಸ್ಟೆಲಿನ ಹುಡುಗಿ ಮೆಸ್ಸಿನ ಅಡಿಗೆಯವರನ್ನು ಕೇಳಿ ಒಳಗೆ ಹೋಗಿ ಬರುತ್ತೇನೆ ಅಂದಿದ್ದಾಳೆ.

ಸ್ಟುಡಿಯೊ ಅಣ್ಣಾ, ಒಂದು ಕೇಳುವುದು ಉಳಿಯಿತು. ಅವ್ವನಿಗೆ ಒಂದು ಆಲ್ಬಮ್ ಮಾಡಿ ಕೊಡಬೇಕು. ಹೊಳೆಯುವ ಕಾಗದದಲ್ಲಿ ಹಾಕಿಸಲಾ, ಮ್ಯಾಟ್ ಕಾಗದದಲ್ಲಾ?

ಸ್ಟುಡಿಯೊ ಅಣ್ಣ, ಬಳ್ಳಾರಿ

ಮ್ಯಾಟ್ ಹಾಕಿಸಿ ಅಕ್ಕಾ. ಬೆರಳಿನ ಗುರುತು ಅಷ್ಟು ಕಾಣುವುದಿಲ್ಲ, ಲೈಟಿನ ಕೆಳಗೆ ಕಣ್ಣಿಗೂ ಹೊಡೆಯುವುದಿಲ್ಲ. ಅವರು ದಿನಾ ತೆಗೆದು ನೋಡುವ ಆಲ್ಬಮ್ ಅಲ್ವಾ. ಗಂಟಿನ ಫೋಟೊ ಮಾತ್ರ 8×10ಕ್ಕೆ ಹಾಕಿಸಿ. ಆದರೆ ಗ್ರೂಪಿನಿಂದ ಇಳಿಸಿದ್ದರಿಂದ ಬೇಡ, ಅಷ್ಟು ದೊಡ್ಡದು ಮಾಡಿದರೆ ಒಡೆಯುತ್ತೆ. ಅವರ ಫೋನಿನಿಂದ ಮೂಲ ಫೈಲ್ ತಗೊಂಡು ಹೋಗಿ.